ಅಡುಗೆಮನೆ ಹೊಸ್ತಿಲ ಹೊರಗೆ

ಕಾಕಾನ ಎದೆಗೆ ಚೆಂಡು ಬಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪೆಟ್ಟೇನೂ ದೊಡ್ಡದಲ್ಲ. ಪಿಕಲ್‌ಬಾಲ್ ಆಟದ, ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು, ತೂಕ 25 ಗ್ರಾಂ ಆಸುಪಾಸು. ಅಂಗಿಗೆ ಟಪ್ ಅಂತ ಬಡಿದು ಕಾಲ ಹತ್ತಿರ ಬಿತ್ತು. ಎದುರಿನ ಹುಡುಗ 'ಸಾರಿ ಕಾಕಾ' ಅಂದ. ಕಾಕಾ ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ, ಎದೆ ಸವರಿಕೊಳ್ಳುತ್ತಾ, "ಹೊಡದಾಕಿ ನೀ ತಂಗಿ, ಹೊಡಿಸ್ಕೊಂಡಾಂವ ನಾ" ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಚಹಾ ಕುಡಿಯುವಾಗ ಮಾತ್ರ ಆ ಮಾತು ಚುಚ್ಚಿತು. ಯಾಕಂದ್ರೆ ನಡೆದದ್ದೇ ಅದು. ಮೊಣಕಾಲಿಗಿಂತ ಕೆಳಗೆ ಬಂದ ಚೆಂಡನ್ನು ಇದ್ದ ಕಸುವೆಲ್ಲ ಹಾಕಿ ಬೀಸಿದ್ದೆ. ಕೆಳಗಿನಿಂದ ಹೊಡೆದ ಚೆಂಡು ಮೇಲೇಳಲೇಬೇಕು, ಇಲ್ಲದಿದ್ದರೆ ನೆಟ್ ದಾಟುವುದಿಲ್ಲ. ಅದು ಎದ್ದು ಸೀದಾ ಎದುರಿನ ಹುಡುಗನ ಭುಜದ ಎತ್ತರಕ್ಕೆ ಹೋಯಿತು. ಅವನು ಸುಮ್ನೆ ಪ್ಯಾಡಲ್, ಅಂದರೆ ಹಲಗೆಯಂಥ ಬ್ಯಾಟು, ಅಡ್ಡ ಹಿಡಿದು ಕೆಳಕ್ಕೆ ಒತ್ತಿದ. ಒತ್ತಿದ್ದು ನನ್ನ ಕಡೆಗಲ್ಲ, ಪಕ್ಕದಲ್ಲಿ ನಿಂತಿದ್ದ ಕಾಕಾನ ಕಡೆಗೆ.

ಡಬಲ್ಸ್ ಅಂದರೆ ಇದೇ ನೋಡಿ. ಅವಸರ ಒಬ್ಬರದು, ದಂಡ ಕಟ್ಟುವವರು ಇನ್ನೊಬ್ಬರು.

ನಾವು ಆಡುವುದು ವಿಜಯಪುರದ ಸೋಲಾಪುರ ರಸ್ತೆ ಕಡೆಯ ಒಂದು ಲೇಔಟಿನಲ್ಲಿ. ಪಿಕಲ್‌ಬಾಲ್ ಅಂದ ಕೂಡಲೇ ಉಪ್ಪಿನಕಾಯಿ ಭರಣಿ ನೆನಪು ಮಾಡಿಕೊಂಡು ನಗುವವರು ಇಲ್ಲಿ ಇನ್ನೂ ಇದ್ದಾರೆ. ಆಟಕ್ಕಾಗಿ ಹೊಸದೇನೂ ಕಟ್ಟಲಿಲ್ಲ. ಹಳೆಯ ಸಿಮೆಂಟಿನ ಶಟಲ್ ಕೋರ್ಟ್ ಇತ್ತು, ಅದೇ ಸಾಕಾಯಿತು. ಎರಡರ ಅಳತೆಯೂ ಒಂದೇ: 44 ಅಡಿ ಉದ್ದ, 20 ಅಡಿ ಅಗಲ. ಈ ಆಟ ಹುಟ್ಟಿದ್ದೇ ಹಾಗೆ. 1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್, ಬಿಲ್ ಬೆಲ್, ಬಾರ್ನಿ ಮೆಕ್ಯಾಲಂ ಎಂಬ ಮೂವರು ಗೆಳೆಯರು, ಬೇಸಿಗೆಯಲ್ಲಿ ಬೇಜಾರು ಅಂತ ಗೋಳಾಡುತ್ತಿದ್ದ ಮಕ್ಕಳಿಗಾಗಿ ಒಂದು ಶಟಲ್ ಕೋರ್ಟಿನ ಮೇಲೆ ಕೈಗೆ ಸಿಕ್ಕ ಸಾಮಾನಿನಲ್ಲಿ ಇದನ್ನು ಕಟ್ಟಿದರು. ನೆಟ್ಟನ್ನು ಕೆಳಗಿಳಿಸಿದರು. ಈಗ ಅದು ಬದಿಗಳಲ್ಲಿ 36 ಇಂಚು, ನಡುವೆ 34 ಇಂಚು. ನಮ್ಮಲ್ಲಿ ನಡುವೆ ಎಷ್ಟಿರುತ್ತದೆ ಅನ್ನುವುದು ಆವತ್ತು ಹಗ್ಗ ಕಟ್ಟಿದವರನ್ನು ಅವಲಂಬಿಸಿದೆ, ಆ ಮಾತು ಬೇರೆ.

ನಾವು ಹೊಸದಾಗಿ ಎಳೆದದ್ದರಲ್ಲಿ ಮುಖ್ಯವಾದ ಗೆರೆ ಒಂದೇ. ನೆಟ್‌ನಿಂದ 7 ಅಡಿಗೆ, ಹಳದಿ ಬಣ್ಣದಲ್ಲಿ. ಆ ಏಳಡಿ ಜಾಗಕ್ಕೆ ಕಿಚನ್ ಅನ್ನುತ್ತಾರೆ. ಅದರೊಳಗೆ ಕಾಲಿಟ್ಟು, ನೆಲಕ್ಕೆ ಬೀಳದ ಚೆಂಡನ್ನು ಹೊಡೆಯುವಂತಿಲ್ಲ. ಹೊರಗೆ ನಿಂತೇ ಹೊಡೆದು, ಹೊಡೆದ ರಭಸಕ್ಕೆ ಒಳಗೆ ಮುಗ್ಗರಿಸಿದರೂ ತಪ್ಪೇ. ಚೆಂಡು ಪುಟಿದ ಮೇಲೆ ಹೊಡೆಯುವುದಾದರೆ ಒಳಗೆ ನಿಂತೂ ಹೊಡೆಯಬಹುದು. ಗೆರೆ ಕೂಡ ಕಿಚನ್‌ಗೇ ಸೇರಿದ್ದು. ಕಾಕಾ ಇದನ್ನೆಲ್ಲ ಮೊದಲ ದಿನವೇ ತಮ್ಮ ಭಾಷೆಗೆ ಇಳಿಸಿಕೊಂಡರು. ಜಾಗ 'ಅಡಗಿಮನಿ', ಗೆರೆ 'ಹೊಸ್ತಲ'. "ಹೊಸ್ತಲದ ಮ್ಯಾಲ ನಿಂದರಬಾರದು" ಅಂತ ಚಿಕ್ಕಂದಿನಲ್ಲಿ ಅಜ್ಜಿ ಬೈಯುತ್ತಿದ್ದದ್ದು ನನಗೆ ನಲವತ್ತೆರಡನೇ ವಯಸ್ಸಿನಲ್ಲಿ ಆಟದ ನಿಯಮವಾಗಿ ಬಂತು.

ಕಾಕಾ ಅಂದರೆ ನನ್ನ ಸ್ವಂತ ಕಾಕಾ ಅಲ್ಲ. ಲೇಔಟಿಗೆಲ್ಲ ಕಾಕಾ. ಅರವತ್ತು ದಾಟಿದೆ. ಸಿಂದಗಿ ಕಡೆಯ ಹಳ್ಳಿಯಲ್ಲಿ ಎರೆ ಹೊಲ ಮಾಡಿಕೊಂಡಿದ್ದವರು, ಈಗ ಮಗನ ಮನೆಯಲ್ಲಿದ್ದಾರೆ. ಮೊದಲೆಲ್ಲ ಕಟ್ಟೆಯ ಮೇಲೆ ಕೂತು ನಮ್ಮ ಆಟ ನೋಡುತ್ತಿದ್ದರು. ಒಂದು ದಿನ ನಾಲ್ಕನೆಯವರು ಬರಲಿಲ್ಲ. ಕರೆದೆವು. ಚಪ್ಪಲಿ ಬಿಟ್ಟು ಬಂದು ನಿಂತರು. ಮಾರನೇ ದಿನ ಮಗ ಬೂಟು ತಂದುಕೊಟ್ಟ.

ನಾನು ಕಾಲೇಜಿನಲ್ಲಿ ಶಟಲ್ ಆಡಿದವಳು. ಸ್ಮ್ಯಾಶ್ ನನ್ನ ಹೆಮ್ಮೆ. ಆಮೇಲೆ ಬ್ಯಾಂಕ್ ನೌಕರಿ, ಮದುವೆ, ಮಗ, ಇಪ್ಪತ್ತು ವರ್ಷ ರಾಕೆಟ್ ಮುಟ್ಟಲಿಲ್ಲ. ಹಾಗಾಗಿ ಪ್ಯಾಡಲ್ ಕೈಗೆ ಬಂದಾಗ ನನಗೆ ಗೊತ್ತಿದ್ದದ್ದು ಒಂದೇ ಕೆಲಸ: ಹೊಡೆಯುವುದು. ಶುರುವಿನಲ್ಲಿ ಅದು ನಡೆಯಿತು ಕೂಡ. ಎಲ್ಲರೂ ಹೊಸಬರು, ಜೋರಾಗಿ ಬಂದ ಚೆಂಡಿಗೆ ಹೆದರುತ್ತಿದ್ದರು. ಎರಡು ತಿಂಗಳಲ್ಲಿ ಅವರು ಹೆದರುವುದು ಬಿಟ್ಟರು. ನಾನು ಹೊಡೆಯುವುದು ಬಿಡಲಿಲ್ಲ.

ಶಟಲ್‌ನಲ್ಲಿ ನೆಟ್ 5 ಅಡಿ, ಪುಕ್ಕದ ಕಾಕ್ ಗಾಳಿಯಲ್ಲೇ ಇರುತ್ತದೆ, ಮೇಲಿಂದ ಕೆಳಗೆ ಹೊಡೆಯಲು ಅವಕಾಶ ಸಿಗುತ್ತಲೇ ಇರುತ್ತದೆ. ಇಲ್ಲಿ ಆಟದ ನಿಯಮವೇ ಅವಸರಗಾರರಿಗೆ ಬೇಲಿ ಹಾಕಿದೆ. ಸರ್ವ್ ಮಾಡಿದ ಚೆಂಡು ಆಚೆ ಒಮ್ಮೆ ಪುಟಿಯಬೇಕು. ಅವರು ವಾಪಸ್ ಕಳಿಸಿದ್ದು ಈಚೆ ಒಮ್ಮೆ ಪುಟಿಯಬೇಕು. ಆಮೇಲಷ್ಟೇ ಗಾಳಿಯಲ್ಲಿ ಹೊಡೆಯಬಹುದು. ಇದರ ಪರಿಣಾಮ ಏನು ಗೊತ್ತಾ? ಸರ್ವ್ ಮಾಡಿದ ಜೋಡಿ ಹಿಂದೆಯೇ ನಿಂತು ಕಾಯಬೇಕು. ಎದುರಿನ ಜೋಡಿ ಚೆಂಡು ಕಳಿಸಿ ಆರಾಮಾಗಿ ಹೊಸ್ತಿಲ ತನಕ ನಡೆದು ಬರುತ್ತದೆ. ಅಂದರೆ ಸರ್ವ್ ಕೈಯಲ್ಲಿದ್ದವರೇ ಇಕ್ಕಟ್ಟಿನಲ್ಲಿರುತ್ತಾರೆ. ಶಟಲ್ ಆಡಿ ಬಂದ ನನಗೆ ಇದು ಅರ್ಥವಾಗಲು ತಿಂಗಳುಗಳೇ ಬೇಕಾದವು.

ಅದಕ್ಕೇ ಮೂರನೇ ಹೊಡೆತದ ಬಗ್ಗೆ ಆಡುವವರೆಲ್ಲ ಅಷ್ಟು ಮಾತಾಡುವುದು. ನೀವು ಹಿಂದಿದ್ದೀರಿ, ಅವರು ಮುಂದಿದ್ದಾರೆ. ಜೋರಾಗಿ ಹೊಡೆದರೆ ಅವರು ಅಲ್ಲೇ ತಡೆದು ನಿಮ್ಮ ಕಾಲಿಗೆ ಕಳಿಸುತ್ತಾರೆ. ಮೆಲ್ಲಗೆ ಎತ್ತಿ ಅವರ ಅಡುಗೆಮನೆಯೊಳಗೆ ಬೀಳಿಸಿದರೆ ಅವರು ಬಗ್ಗಿ ಕೆಳಗಿನಿಂದ ಎತ್ತಬೇಕು. ಅಷ್ಟರಲ್ಲಿ ನೀವಿಬ್ಬರೂ ಮುಂದೆ ಬರಬಹುದು. ಡ್ರಾಪ್ ಅನ್ನುವುದು ನೋಡಲು ಅಂಜುಬುರುಕರ ಹೊಡೆತ. ನಿಜಕ್ಕೂ ಅದು ಜಾಗ ಹಿಡಿಯುವ ಹೊಡೆತ.

ಇದೆಲ್ಲ ನನಗೆ ತಲೆಯಲ್ಲಿತ್ತು. ಕೈಗೆ ಇಳಿದಿರಲಿಲ್ಲ. ಕೈಗೆ ಇಳಿಸಿದ್ದು ನಮ್ಮ ಅತ್ತೆ, ಪ್ಯಾಡಲ್ ಮುಟ್ಟದೆಯೇ. ಒಂದು ದಿನ ನಾನು ಕಲ್ಲಿನಂತೆ ಮಣಿಕಟ್ಟು ಬಿಗಿ ಹಿಡಿದು ರೊಟ್ಟಿ ಬಡಿಯುತ್ತಿದ್ದೆ, ನಡುವೆ ಹರಿಯಿತು. "ಕೈ ಸಡ್ಲ ಬಿಡ, ರೊಟ್ಟಿ ತಾನ ತಿರಗ್ತದ" ಅಂದರು. ಮಾರನೇ ಬೆಳಿಗ್ಗೆ ಪ್ಯಾಡಲ್ ಹಿಡಿದಾಗ ಅದೇ ನೆನಪಾಯಿತು. ಹಿಡಿತ ಸಡಿಲ ಬಿಟ್ಟೆ. ಜೋರಾಗಿ ಬಂದ ಚೆಂಡು ಪ್ಯಾಡಲ್‌ಗೆ ಬಡಿದು ಸತ್ತಂತೆ ಆಚೆ ಬಿತ್ತು. ಬಿಗಿ ಹಿಡಿದರೆ ಚೆಂಡಿನ ಜೋರು ಹಾಗೇ ವಾಪಸ್ ಹೋಗುತ್ತದೆ, ಸಡಿಲ ಹಿಡಿದರೆ ಅರ್ಧ ಜೋರನ್ನು ಕೈಯೇ ನುಂಗುತ್ತದೆ. ಅತ್ತೆಗೆ ಹೇಳಿದೆ. "ಹಂಗಾರ ನಾಳಿಂದ ಇನ್ನ ಎರಡ ರೊಟ್ಟಿ ಜಾಸ್ತಿ ಬಡಿ" ಅಂದರು.

ಕಾಕಾನ ಎದೆಗೆ ಚೆಂಡು ಬಿದ್ದ ಮೇಲೆ ನಾನು ಶಪಥವನ್ನೇ ಮಾಡಿಬಿಟ್ಟೆ. ಇನ್ನು ಮೇಲೆ ಹೊಡೆಯುವುದಿಲ್ಲ. ಬರೀ ಡಿಂಕ್. ಹೊಸ್ತಿಲ ಹೊರಗೆ ನಿಂತು, ಮೆಲ್ಲಗೆ, ಅವರ ಅಡುಗೆಮನೆಗೆ ಇವರ ಅಡುಗೆಮನೆಯಿಂದ ಬಟ್ಟಲು ಸಕ್ಕರೆ ಕಳಿಸಿದ ಹಾಗೆ. ಮೂರು ವಾರ ಹಾಗೇ ಆಡಿದೆ. ನನ್ನ ತಪ್ಪುಗಳು ಕಡಿಮೆಯಾದವು. ಲೇಔಟಿನವರೆಲ್ಲ ಹೊಗಳಿದರು. 'ಮೇಡಂ ಈಗ ಎಷ್ಟು ತಾಳ್ಮೆ ಕಲಿತಿದ್ದಾರೆ' ಅಂತ. ತಾಳಿದವನು ಬಾಳಿಯಾನು ಅಂತ ಒಬ್ಬರು ಗಾದೆಯನ್ನೂ ಹೇಳಿದರು. ನಾವು ಮಾತ್ರ ಸೋಲುತ್ತಲೇ ಇದ್ದೆವು.

ಒಂದು ಸಂಜೆ ಎದುರಿನವರ ಡಿಂಕ್ ಕೈತಪ್ಪಿ ಮೇಲೆದ್ದಿತು. ನನ್ನ ಎದೆಯ ಎತ್ತರಕ್ಕೆ, ಮೆತ್ತಗೆ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಬಂತು. ನಾನು ಅದನ್ನೂ ಮೆಲ್ಲಗೆ ಆಚೆ ತಳ್ಳಿದೆ. ಎದುರಿನ ಹುಡುಗ ತನ್ನ ಅದೃಷ್ಟ ನಂಬಲಾರದೆ ಒಂದು ಕ್ಷಣ ನಿಂತ, ಆಮೇಲೆ ಕಾಕಾನ ಕಾಲಿನ ಮಧ್ಯೆ ಹೊಡೆದ. ಕಾಕಾ ಅವತ್ತು ಮೊದಲ ಸಲ ಸಿಟ್ಟಾದರು.

"ಹದಾ ಬಂದ ಹೊಲಾ ಬಿಟ್ಟು ಮನ್ಯಾಗ ಕುಂತಂಗಾತಲ್ಲವಾ!"

ಆಟ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ವಿವರಿಸಿದರು. ಹಿಂಗಾರಿ ಜೋಳ ಬಿತ್ತುವ ಮೊದಲು ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಚುಕಿ ನೋಡುತ್ತಾರಂತೆ. ಹಸಿ ಜಾಸ್ತಿಯಿದ್ದರೆ ಮಣ್ಣು ಕೂರಿಗೆಗೆ ಮೆತ್ತಿಕೊಳ್ಳುತ್ತದೆ. ಒಣಗಿದರೆ ಬೀಜ ಏಳುವುದಿಲ್ಲ. ನಡುವೆ ಕೆಲವೇ ದಿನ ಹದ ಇರುತ್ತದೆ. "ಹದಾ ಬರೂತನಾ ಸುಮ್ನ ಕುಂದರಬೇಕು. ಬಂತು ಅಂದ್ರ ರಾತ್ರಿ ಹಗಲ ನೋಡಬಾರದು. ಕಾಯಾಂವ ಬ್ಯಾರೆ, ಬಿತ್ತಾಂವ ಬ್ಯಾರೆ ಅಲ್ಲವಾ. ಅಂವನ ಇಂವ."

ನಾನು ಅಷ್ಟು ದಿನ ಅಂದುಕೊಂಡಿದ್ದೇ ಬೇರೆ. ಕೆಲವರದು ಹೊಡೆಯುವ ಸ್ವಭಾವ, ಕೆಲವರದು ಕಾಯುವ ಸ್ವಭಾವ, ಒಳ್ಳೆಯ ಜೋಡಿ ಅಂದರೆ ಎರಡನ್ನೂ ಅರ್ಧರ್ಧ ಬೆರೆಸಿದ್ದು ಅಂತ. ಹಾಗಲ್ಲವಂತೆ. ಕೇಳಬೇಕಾದದ್ದು ನನ್ನ ಸ್ವಭಾವವನ್ನಲ್ಲ, ಚೆಂಡನ್ನು. ಅದು ನನ್ನ ಮೊಣಕಾಲಿಗಿಂತ ಕೆಳಗಿದೆಯಾ, ಸೊಂಟಕ್ಕಿಂತ ಮೇಲಿದೆಯಾ? ನಾನು ನೆಟ್ಟಗೆ ನಿಂತಿದ್ದೇನಾ, ಎಟುಕಿಸಿಕೊಳ್ಳುತ್ತಾ ಬಾಗಿದ್ದೇನಾ? ನೆಟ್‌ಗಿಂತ ಕೆಳಗಿನ ಚೆಂಡಿಗೆ ಎಷ್ಟು ಸಿಟ್ಟು ಹಾಕಿದರೂ ಅದು ಎದುರಿನವರಿಗೆ ಊಟ. ನೆಟ್‌ಗಿಂತ ಮೇಲಿನ ಚೆಂಡಿಗೆ ಮರ್ಯಾದೆ ತೋರಿಸಿದರೆ ಅದೂ ಅವರಿಗೇ ಊಟ.

ಆ ಮೂರು ವಾರಗಳ ನನ್ನ ತಾಳ್ಮೆಯ ಬಗ್ಗೆ ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಅದು ಬೈಸಿಕೊಳ್ಳುವ ಭಯ. ಹೊಡೆದು ತಪ್ಪಿದರೆ ಎಲ್ಲರಿಗೂ ನನ್ನ ತಪ್ಪು ಕಾಣುತ್ತದೆ. ಮೆಲ್ಲಗೆ ತಳ್ಳಿ ಕಾಕಾಗೆ ಪೆಟ್ಟು ಬಿದ್ದರೆ ನನ್ನ ಹೆಸರು ಎಲ್ಲೂ ಬರುವುದಿಲ್ಲ. ಕಚೇರಿಯಲ್ಲಿ ಸಹಿ ಹಾಕಲು ಹೆದರಿ ಫೈಲನ್ನು ಮೇಜಿನ ಮೇಲೇ ಇಟ್ಟುಕೊಂಡು 'ಪರಿಶೀಲನೆಯಲ್ಲಿದೆ' ಅನ್ನುವವರನ್ನು ನೋಡಿದ್ದೇನೆ. ನಾನೂ ಹಾಗೆ ಮಾಡಿದ್ದೇನೆ. ಹೊರಗಿನಿಂದ ನೋಡುವವರಿಗೆ ಅದು ಜಾಗರೂಕತೆ.

ಬ್ಯಾಂಕಿನ ಮಾತು ಬಂತಲ್ಲ, ಆಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಈ ಲೆಕ್ಕ ನನಗೆ ತುಂಬ ಇಷ್ಟ. ನಾವು ಆಡುವುದು ಹಳೆಯ ಪದ್ಧತಿ: ಸರ್ವ್ ಮಾಡುವ ಜೋಡಿಗೆ ಮಾತ್ರ ಪಾಯಿಂಟ್. 11ಕ್ಕೆ ಆಟ, ಎರಡರ ಅಂತರ ಬೇಕು. ಸರ್ವ್ ಮಾಡುವ ಮುಂಚೆ ಮೂರು ಸಂಖ್ಯೆ ಕೂಗಬೇಕು. ನಮ್ಮದೆಷ್ಟು, ಅವರದೆಷ್ಟು, ನಾನು ಜೋಡಿಯಲ್ಲಿ ಮೊದಲನೇ ಸರ್ವರೋ ಎರಡನೆಯವಳೋ. ಮೊದಲನೆಯವರು ಸೋತರೆ ಪಾಯಿಂಟ್ ಹೋಗುವುದಿಲ್ಲ, ಸರ್ವ್ ಜೋಡಿಗೆ ದಾಟುತ್ತದೆ ಅಷ್ಟೇ. ಎರಡನೆಯವರು ಸೋತರೆ ಸರ್ವ್ ಆಚೆ ಹೋಗುತ್ತದೆ. ಆದರೆ ಅವರ ಸರ್ವ್‌ನಲ್ಲಿ ನಾನು ತಪ್ಪಿದರೆ ನೇರವಾಗಿ ಅವರ ಖಾತೆಗೆ ಒಂದು ಜಮಾ. ಅಂದರೆ ಒಂದೇ ಹೊಡೆತದ ತಪ್ಪಿಗೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಬೆಲೆ. ಅನುಮಾನದ ಚೆಂಡು ಬಂದಾಗ, ಹೊಡೆಯಲೋ ಬೇಡವೋ ಅನ್ನುವಂಥದ್ದು, ನಾವು ಮೊದಲನೇ ಸರ್ವ್‌ನಲ್ಲಿದ್ದರೆ ನಾನು ಹೊಡೆಯುವ ಕಡೆ ವಾಲುತ್ತೇನೆ. ಅವರ ಸರ್ವ್ ಇದ್ದರೆ ಇನ್ನೊಂದು ಡಿಂಕ್ ಹಾಕುತ್ತೇನೆ. ಕಾಕಾಗೆ ಈ ಲೆಕ್ಕ ಹೇಳಿದಾಗ "ಬಡ್ಡಿ ಎಷ್ಟು ಹಾಕ್ತೀ?" ಅಂದರು.

ಹೊಡೆಯುವುದನ್ನೂ ಮತ್ತೆ ಕಲಿಯಬೇಕಾಯಿತು. ಒಬ್ಬಳೇ ಹೊಡೆಯುವುದಲ್ಲ, ಇಬ್ಬರೂ ಸೇರಿ ಹೊಡೆಯುವುದು. ಇಬ್ಬರೂ ಹೊಸ್ತಿಲ ಹತ್ತಿರ ನಿಂತಾಗ ಎದುರಿನವರಿಗೂ ನಮಗೂ ನಡುವೆ ಇರುವುದು 14 ಅಡಿ ಚಿಲ್ಲರೆ. ನಾನು ಎಷ್ಟು ಜೋರಾಗಿ ಕಳಿಸುತ್ತೇನೋ ಅಷ್ಟೇ ಬೇಗ ಅದು ವಾಪಸ್ ಬರುತ್ತದೆ. ಬರುವಾಗ ಕಾಕಾ ತಯಾರಿರಬೇಕು. ಹಾಗಾಗಿ ನಾವು ಮೊದಲು ಮೂಲೆಯಿಂದ ಮೂಲೆಗೆ ಡಿಂಕ್ ಹಾಕುತ್ತೇವೆ. ಆ ದಾರಿ ಉದ್ದ, ನೆಟ್ಟೂ ನಡುವೆ ಎರಡು ಇಂಚು ಕಡಿಮೆ, ಹಾಗಾಗಿ ತಪ್ಪುವ ಸಂಭವ ಕಡಿಮೆ. ಎದುರಿನವರು ಬದಿಗೆ ಸರಿಯುತ್ತಾರೆ. ನಡುವೆ ಬಿರುಕು ಬೀಳುತ್ತದೆ. ಆ ಬಿರುಕಿಗೆ ಹೊಡೆದರೆ 'ನಿನ್ನದು, ನಿನ್ನದು' ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಥವಾ ಬಲಗೈ ಆಟಗಾರನ ಬಲ ಭುಜದ ಕಡೆಗೆ. ಅಲ್ಲಿಗೆ ಬಂದ ಚೆಂಡಿಗೆ ಮೊಣಕೈ ಮಡಚಿ ಒದ್ದಾಡಬೇಕು. ನಾನು ಅಲ್ಲಿಗೆ ಹೊಡೆದಾಗ ಕಾಕಾ ಅರ್ಧ ಹೆಜ್ಜೆ ನಡುವಿಗೆ ಬಂದು ಪ್ಯಾಡಲ್ ಎತ್ತಿ ನಿಂತಿರುತ್ತಾರೆ. ಹೊಡೆದವಳು ನಾನು, ಮುಗಿಸುವವರು ಅವರು. ನಮ್ಮ ಪಾಯಿಂಟ್ ಬಹಳಷ್ಟು ಬರುವುದು ಹೀಗೆ.

ಕಾಯುವುದರಲ್ಲಿ ಕಾಕಾ ನನಗೆ ಕಲಿಸಿದ ದೊಡ್ಡ ವಿದ್ಯೆ ಮಾತ್ರ ಡಿಂಕ್ ಅಲ್ಲ. "ಬಿಡು!"

ಲೇಔಟಿನ ಇಂಜಿನಿಯರಿಂಗ್ ಹುಡುಗರು ಎಲ್ಲ ಚೆಂಡನ್ನೂ ಹೊಡೆಯುತ್ತಾರೆ, ಹಿಂದೆ ನಾನು ಹೊಡೆಯುತ್ತಿದ್ದ ಹಾಗೆ. ಭುಜದ ಎತ್ತರಕ್ಕೆ ಬುಸ್ ಅಂತ ಬಂದ ಚೆಂಡನ್ನು ತಡೆಯುವುದೇ ಶೌರ್ಯ ಅಂತ ನಾನು ಪ್ಯಾಡಲ್ ಒಡ್ಡುತ್ತಿದ್ದೆ. ಅದರಲ್ಲಿ ಬಹಳಷ್ಟು ನಾನು ಮುಟ್ಟದಿದ್ದರೆ ಗೆರೆ ದಾಟಿ ಆಚೆ ಹೋಗುತ್ತಿದ್ದವು. ಕಾಕಾ ಕೂಗುತ್ತಾರೆ, "ಬಿಡು!" ಕೈ ಹಿಂದೆ ಎಳೆದುಕೊಳ್ಳಬೇಕು. ನೀವೊಮ್ಮೆ ಪ್ರಯತ್ನಿಸಿ ನೋಡಿ, ಮುಖದ ಪಕ್ಕದಲ್ಲಿ ಹೋಗುವ ಚೆಂಡನ್ನು ಬಿಡುವುದು ಹೊಡೆಯುವುದಕ್ಕಿಂತ ಕಷ್ಟ. ಮೈಯೆಲ್ಲ ಬೇಡ ಅನ್ನುತ್ತದೆ. ಚೆಂಡು ಹಿಂದೆ ಬೇಲಿಯ ಕಡೆ ಬಿದ್ದು ಉರುಳುವ ಸದ್ದು ಕೇಳಿದ ಮೇಲೇ ಉಸಿರು ಬರುವುದು. ಕೆಲವು ಒಳಗೂ ಬೀಳುತ್ತವೆ. ಆಗ ಕಾಕಾ "ನಂದ ತಪ್ಪು" ಅಂತಾರೆ. ಅದನ್ನು ಅವರು ತಡಮಾಡದೆ ಹೇಳುತ್ತಾರೆ ಅನ್ನುವ ಕಾರಣಕ್ಕೇ ಮುಂದಿನ ಸಲ 'ಬಿಡು' ಅಂದಾಗ ನಾನು ಬಿಡುತ್ತೇನೆ.

ಆಷಾಢದಲ್ಲಿ ಈ ಎಲ್ಲ ಪಾಠವನ್ನೂ ಗಾಳಿ ತಿದ್ದಿಬಿಡುತ್ತದೆ. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಬಯಲುಸೀಮೆ, ತಡೆಯಲು ಗುಡ್ಡವಿಲ್ಲ, ಗೋಳಗುಮ್ಮಟ ಒಂದೇ ಅಡ್ಡ. ಬಯಲಿನಲ್ಲಿ ಆಡುವ ಚೆಂಡಿಗೆ 40 ತೂತು. ಎದುರುಗಾಳಿ ಇದ್ದರೆ ಜೋರಾಗಿ ಹೊಡೆದದ್ದೂ ಒಳಗೇ ಬೀಳುತ್ತದೆ, ಮೆಲ್ಲಗೆ ಹಾಕಿದ ಡ್ರಾಪ್ ನಮ್ಮ ನೆಟ್‌ಗೇ ಬಂದು ಬೀಳುತ್ತದೆ. ಬೆನ್ನಿಗೆ ಗಾಳಿ ಇದ್ದರೆ ಉಲ್ಟಾ. ಹಾಗಾಗಿ ಒಂದು ಬದಿಯಲ್ಲಿ ಹೊಡೆಯುವುದೇ ಸರಿ, ಆಟ ಮುಗಿದು ಬದಿ ಬದಲಾದಾಗ ಅದೇ ತಪ್ಪು. ಗಾಳಿ ಬಂದಾಗ ತೂರಿಕೋ ಅನ್ನುವುದೂ ಗಾದೆಯೇ ಅಲ್ವಾ. ತಾಳಿದವನ ಗಾದೆ ಹೇಳಿದವರಿಗೆ ಇದನ್ನು ನೆನಪಿಸಬೇಕು ಅಂದುಕೊಂಡಿದ್ದೇನೆ. ಬೇಸಿಗೆಯದು ಇನ್ನೊಂದು ಕತೆ. ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಚೆಂಡಿನ ನಡೆಯೇ ಬದಲಾಗುತ್ತದೆ, ಬೆಳಿಗ್ಗೆ ಎಂಟರ ಮೇಲೆ ನಾವೂ ಮೆತ್ತಗಾಗುತ್ತೇವೆ. ಚಳಿಗಾಲದ ಮುಂಜಾನೆ ಚೆಂಡು ಗಟ್ಟಿ, ಹೊಡೆಯುವವರ ಕೈಯಲ್ಲಿ ಬೇಗ ಸೀಳುತ್ತದೆ. ಚೆಂಡಿನ ಖರ್ಚು ಹಂಚುವಾಗ ನನ್ನ ಪಾಲು ಜಾಸ್ತಿ ಹಿಡಿಯಬೇಕು ಅಂತ ಒಮ್ಮೆ ಠರಾವು ಕೂಡ ಆಗಿತ್ತು.

ಕಳೆದ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಮುಗಿದ ಮರು ಆದಿತ್ಯವಾರ ಲೇಔಟಿನಲ್ಲೇ ಸಣ್ಣ ಪಂದ್ಯ ಇಟ್ಟುಕೊಂಡಿದ್ದೆವು. ಎಂಟು ಜೋಡಿ. ಬಹುಮಾನ ಸ್ಟೀಲ್ ಡಬ್ಬಿ. ನಮ್ಮ ಎದುರು ಅದೇ ಇಂಜಿನಿಯರಿಂಗ್ ಹುಡುಗರು. ಅವರು 6–1 ಮುಂದೆ ಹೋದರು. ನಾವು ಬಿಟ್ಟೆವು, ತಡೆದೆವು, ಮೆಲ್ಲಗೆ ಹಾಕಿದೆವು. ಹತ್ತು ಹೊಡೆತಕ್ಕೆ ಅವರೊಮ್ಮೆ ತಪ್ಪುತ್ತಿದ್ದರು. ನಾವು ಮುದುಕರ ಹಾಗೆ, ಒಂದೊಂದೇ ಮೆಟ್ಟಿಲು ಹತ್ತಿದೆವು. 10–9ಕ್ಕೆ ಬಂದು ನಿಂತೆವು. ಸರ್ವ್ ನಮ್ಮದು, ಕಾಕಾನ ಕೈಯಲ್ಲಿ, ಮೊದಲನೇ ಸರ್ವರ್. ಮಗ ಬೇಲಿ ಹಿಡಿದು ನಿಂತಿದ್ದ. ಅತ್ತೆ ಕೂಡ ಬಂದಿದ್ದರು, ನಿಯಮ ಒಂದೂ ಗೊತ್ತಿಲ್ಲದೆ.

ಸರ್ವ್, ವಾಪಸ್, ಕಾಕಾನ ಡ್ರಾಪ್. ಚೆನ್ನಾಗಿ ಬಿತ್ತು. ಇಬ್ಬರೂ ಹೊಸ್ತಿಲ ತನಕ ನಡೆದು ಬಂದೆವು. ಅಲ್ಲಿಂದ ಡಿಂಕ್ ಶುರುವಾಯಿತು. ಆಚೆ, ಈಚೆ. ಎಣಿಸಲಿಲ್ಲ. ಹುಡುಗರೂ ಅವತ್ತು ಹೊಡೆಯಲಿಲ್ಲ, ಅವರಿಗೂ ಯಾರೋ ಹೇಳಿಕೊಟ್ಟಿರಬೇಕು. ನನ್ನ ಕೈ ಸಡಿಲವಾಗೇ ಇತ್ತು. ನನಗೆ ಒಂದೂ ಅವಸರವಿರಲಿಲ್ಲ, ಅದು ನನಗೇ ವಿಚಿತ್ರ ಅನ್ನಿಸುತ್ತಿತ್ತು. ಆಗ ಒಂದು ಚೆಂಡು ಕಾಕಾನ ಕಡೆ ಬಂತು. ಮೊಣಕಾಲಿನ ಮಟ್ಟ. ಹಸಿ ಮಣ್ಣು. ಯಾರು ನೋಡಿದರೂ ಡಿಂಕ್ ಹಾಕುವ ಚೆಂಡು.

ಕಾಕಾ ಬೀಸಿದರು. ಭುಜದಿಂದ, ಇದ್ದ ಕಸುವೆಲ್ಲ ಹಾಕಿ. ಚೆಂಡು ನೆಟ್‌ನ ನಡುಮಧ್ಯಕ್ಕೆ ಬಡಿದು ನಮ್ಮ ಅಡುಗೆಮನೆಯಲ್ಲೇ ಬಿತ್ತು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಕಾಕಾ ತಮ್ಮ ಕೈಯನ್ನೇ ನೋಡಿಕೊಂಡರು, ಅದು ಬೇರೆ ಯಾರದ್ದೋ ಅನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ಹಲ್ಲೆಲ್ಲ ಕಾಣುವ ಹಾಗೆ.

"ತಡಕೊಳ್ಳಾಕ ಆಗಲಿಲ್ಲ ತಂಗಿ."

ನಾನು ಬಗ್ಗಿ ಚೆಂಡು ಎತ್ತಿಕೊಂಡೆ. ಬಿರುಕು ಬಿಟ್ಟಿದೆಯಾ ಅಂತ ಒತ್ತಿ ನೋಡಿದೆ. ಇರಲಿಲ್ಲ. ಹಿಂದಿನ ಗೆರೆಗೆ ಹೋಗಿ ನಿಂತು ಕೂಗಿದೆ.

"ಹತ್ತು, ಒಂಬತ್ತು, ಎರಡು."